ಒಂದೇ ಅರ್ಥ ಓದಿ ಕೆಟ್ಟವನು



ನಾನು ಪಿಯುಸಿ ಓದಿ ಮುದ್ರಣಾಲಯಕ್ಕೆ ಇಳಿದವನು, ಪಂಡಿತನಲ್ಲ. ಆದರೆ ಕರಡು ತಿದ್ದುವವನಿಗೆ ಗೊತ್ತು: ಕಣ್ಣು ತನಗೆ ಬೇಕಾದುದನ್ನೇ ಓದುತ್ತದೆ.

1623ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನೋಡಿ. ಸ್ಕಾಟ್ಲೆಂಡಿನ ಈ ದಂಡನಾಯಕ ಪಟ್ಟದಾಸೆಗೆ ಬಿದ್ದು, ಮನೆಗೆ ಬಂದ ದೊರೆ ಡಂಕನನನ್ನೇ ಕೊಂದ. ಬರ್ನಮ್ ಕಾಡು ನಡೆದು ಬರುವತನಕ ಸೋಲಿಲ್ಲ, ಹೆಣ್ಣು ಹೆತ್ತವನಿಂದ ಕೇಡಿಲ್ಲ ಎಂಬ ಮಾತು ಕೇಳಿ ಬೀಗಿದ. ಸೈನಿಕರು ಆ ಕಾಡಿನ ಕೊಂಬೆಗಳನ್ನೇ ಹಿಡಿದು ಬಂದರು. ಅವನನ್ನು ಕೊಂದ ಮ್ಯಾಕ್‌ಡಫ್, ತಾಯ ಹೊಟ್ಟೆ ಸೀಳಿ ತೆಗೆದ ಕೂಸು!

ಮಾತು ಸುಳ್ಳಾಗಲಿಲ್ಲ, ದುರಾಸೆ ಅದರ ಒಂದೇ ಅರ್ಥ ಓದಿತ್ತು. ನೀರಿನಲ್ಲಿ ಕೈ ತೊಳೆದರೆ ಮುಗಿಯಿತೆಂದ ಹೆಂಡತಿ, ಕಡೆಗೆ ನಿದ್ದೆಯಲ್ಲೂ ಕೈ ಉಜ್ಜುತ್ತಿದ್ದಳು.

ಡಿ.ವಿ.ಜಿ.ಯವರು ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ಓದಿ. ಸವಿಮಾತಿನ ಇನ್ನೊಂದು ಅರ್ಥವನ್ನೂ ಕೇಳಲು ಕಲಿಯಿರಿ.