ಗೇಜು ಎಂಬ ಒಪ್ಪಂದ



ಇವತ್ತಿನ ಮಾತಿಗೆ ನಾನು ಆರಿಸಿಕೊಂಡಿರುವುದು ಅಳತೆಗೆ ಸಂಬಂಧಿಸಿದ ಒಂದು ಪುಟ್ಟ ಇಂಗ್ಲಿಷ್ ಪದ, ಗೇಜ್. ನಮ್ಮ ಬಾಯಲ್ಲಿ ಅದು ಗೇಜು ಆಗಿ ಎಷ್ಟೋ ಕಾಲವಾಯಿತು. ರೈಲ್ವೆಯಲ್ಲಿ ಬ್ರಾಡ್‌ಗೇಜು, ಮೀಟರ್‌ಗೇಜು. ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ತಂತಿಯ ಗೇಜು. ಆಸ್ಪತ್ರೆಯಲ್ಲಿ ಸೂಜಿಯ ಗೇಜು, ಪಂಕ್ಚರ್ ಅಂಗಡಿಯಲ್ಲಿ ಗಾಳಿಯ ಗೇಜು, ಕಾಫಿ ತೋಟದಲ್ಲಿ ಮಳೆಯ ಗೇಜು. ಒಬ್ಬರ ಕಸುಬು ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೆ ಪದ ಎಲ್ಲರದೂ ಒಂದೇ. ಇವೆಲ್ಲವನ್ನೂ ಕಟ್ಟಿರುವ ದಾರ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇಷ್ಟು: ಗೇಜು ಎಂದರೆ ಪರಸ್ಪರ ಪರಿಚಯವಿಲ್ಲದ ಜನ ಒಂದು ಅಳತೆಗೆ ಕಟ್ಟುಬೀಳುವ ಒಪ್ಪಂದ.

ಈ ಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಇದರ ಹಳೆಯ ಕೆಲಸಗಳಲ್ಲಿ ಮುಖ್ಯವಾದದ್ದು ಮದ್ಯದ ಪೀಪಾಯಿ ಅಳೆಯುವುದು. ಪೀಪಾಯಿಯ ಹೊಟ್ಟೆ ಉಬ್ಬಿರುತ್ತದೆ, ತುದಿಗಳು ಕಿರಿದಾಗಿರುತ್ತವೆ. ಒಳಗೆ ಎಷ್ಟು ಹಿಡಿಯುತ್ತದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಮದ್ಯಕ್ಕೆ ಸುಂಕ ಹಾಕುವ ಸರ್ಕಾರಕ್ಕೆ ಮಾತ್ರ ಅದು ಖಚಿತವಾಗಿ ಗೊತ್ತಾಗಬೇಕು. ಹಾಗಾಗಿ ಬ್ರಿಟನ್ನಿನಲ್ಲಿ ಸುಂಕದ ಅಧಿಕಾರಿಗೆ ಗೇಜರ್ ಎಂದೇ ಹೆಸರು ಬಂತು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಹೊಟ್ಟೆಪಾಡಿಗೆ ಮಾಡಿದ್ದು ಇದೇ ಕೆಲಸ.

ಇಲ್ಲಿ ಖಗೋಳ ವಿಜ್ಞಾನಿ ಕೆಪ್ಲರನ ಕಥೆಯನ್ನು ಹೇಳಲೇಬೇಕು. 1613ರಲ್ಲಿ, ಆಸ್ಟ್ರಿಯಾದ ಲಿಂಟ್ಸ್ ಊರಿನಲ್ಲಿ ನೆಲೆಸಿದ್ದಾಗ, ಅವನ ಎರಡನೆಯ ಮದುವೆ. ದ್ರಾಕ್ಷಾರಸದ ಪೀಪಾಯಿಗಳು ಮನೆಗೆ ಬಂದವು. ಮಾರುವವನು ಪೀಪಾಯಿಯ ಮೇಲಿನ ತೂತಿನಿಂದ ಒಂದು ಕೋಲನ್ನು ಓರೆಯಾಗಿ ಇಳಿಬಿಟ್ಟು, ತಳದ ಮೂಲೆಗೆ ಮುಟ್ಟಿಸಿ, ಕೋಲು ಎಷ್ಟು ನೆನೆದಿದೆ ಎಂದು ನೋಡಿ ಬೆಲೆ ಹೇಳಿಬಿಟ್ಟ. ಲೆಕ್ಕವಿಲ್ಲ, ಗುಣಾಕಾರವಿಲ್ಲ. ಕೆಪ್ಲರ್ ತಬ್ಬಿಬ್ಬಾದ. ಉದ್ದನೆಯ ಸಪೂರ ಪೀಪಾಯಿಗೂ ಕುಳ್ಳನೆಯ ದಪ್ಪ ಪೀಪಾಯಿಗೂ ಓರೆಯ ಉದ್ದ ಒಂದೇ ಇರಬಹುದು, ಆದರೆ ಹಿಡಿಯುವ ರಸ ಒಂದೇ ಆಗುವುದಿಲ್ಲವಲ್ಲ! ಅವನು ಲೆಕ್ಕಕ್ಕೆ ಕುಳಿತ. 1615ರಲ್ಲಿ ಪೀಪಾಯಿಗಳ ಘನಗಾತ್ರದ ಮೇಲೆ ಒಂದು ಪುಸ್ತಕವನ್ನೇ ಹೊರತಂದ. ಮುಂದೆ ಕ್ಯಾಲ್ಕುಲಸ್ ಎಂದು ಬೆಳೆದ ಗಣಿತಕ್ಕೆ ದಾರಿ ಮಾಡಿದ ಪುಸ್ತಕಗಳಲ್ಲಿ ಅದೂ ಒಂದು.

ಅವನು ಕಂಡುಕೊಂಡದ್ದೇನು ಗೊತ್ತೇ? ಆಸ್ಟ್ರಿಯಾದ ಪೀಪಾಯಿ ಕಟ್ಟುವವರು ಅಗಲಕ್ಕೂ ಉದ್ದಕ್ಕೂ ಒಂದು ಪ್ರಮಾಣವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದರು. ಆ ಪ್ರಮಾಣದಲ್ಲಿ ಓರೆಯ ಉದ್ದಕ್ಕೆ ಹೆಚ್ಚುಕಡಿಮೆ ಅತಿ ಹೆಚ್ಚು ರಸ ಹಿಡಿಯುತ್ತದೆ; ಅಷ್ಟೇ ಅಲ್ಲ, ಕಟ್ಟುವಾಗ ಸ್ವಲ್ಪ ಆಚೀಚೆ ಆದರೂ ಲೆಕ್ಕ ಬಹಳ ತಪ್ಪುವುದಿಲ್ಲ. ಕೋಲು ಸತ್ಯ ಹೇಳುತ್ತಿದ್ದದ್ದು ಬಡಗಿಗಳು ಪ್ರಮಾಣಕ್ಕೆ ನಿಷ್ಠರಾಗಿದ್ದುದರಿಂದ. ಬೇರೆ ಪ್ರಮಾಣದ ಪೀಪಾಯಿ ಇರುವ ಊರಿಗೆ ಅದೇ ಕೋಲನ್ನು ಒಯ್ದರೆ ಅದು ಸುಳ್ಳು ಹೇಳುತ್ತದೆ. ನನಗೆ ಈ ಪ್ರಸಂಗ ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನು ತಂತಿಗೆ ಬರೋಣ. ತಂತಿಯ ಗೇಜಿನಲ್ಲಿ ಎಲ್ಲರನ್ನೂ ಗೊಂದಲಕ್ಕೆ ಹಾಕುವ ಸಂಗತಿಯೆಂದರೆ ಅಂಕಿ ಏರಿದಷ್ಟೂ ತಂತಿ ತೆಳುವಾಗುತ್ತದೆ. ಹದಿನೆಂಟು ಗೇಜು ದಪ್ಪ, ಮೂವತ್ತಾರು ಗೇಜು ತೀರ ಸಣ್ಣ ಎನ್ನುವ ಹಾಗೆ. ಇದು ತಂತಿ ಎಳೆಯುವವರ ಕೈಯಿಂದ ಬಂದ ಎಣಿಕೆ. ಗಟ್ಟಿ ಕಂಬಿಯನ್ನು ಉಕ್ಕಿನ ಹಲಗೆಯ ತೂತಿನಲ್ಲಿ ತೂರಿಸಿ ಎಳೆಯಬೇಕು, ಆಮೇಲೆ ಅದಕ್ಕಿಂತ ಕಿರಿದಾದ ತೂತು, ಆಮೇಲೆ ಇನ್ನೂ ಕಿರಿದು. ಎಷ್ಟು ಎಳೆತ ಕಂಡಿತೋ ಅಷ್ಟು ಅಂಕಿ. ದುಡಿದವರ ಶ್ರಮದ ಲೆಕ್ಕವೇ ತಂತಿಯ ಹೆಸರಾಯಿತು.

ತೊಂದರೆ ಏನಾಯಿತೆಂದರೆ ಇಂಗ್ಲೆಂಡಿನಲ್ಲಿ ಒಂದೊಂದು ಊರಿಗೆ, ಒಂದೊಂದು ಕಾರ್ಖಾನೆಗೆ ಒಂದೊಂದು ಗೇಜು ಹುಟ್ಟಿಕೊಂಡಿತು. ತಂತಿ ಕೊಳ್ಳುವವನು ಯಾರ ಗೇಜು ಎಂದೂ ಕೇಳಬೇಕಿತ್ತು. ಕೊನೆಗೆ 1884ರಲ್ಲಿ ಬ್ರಿಟನ್ ಒಂದೇ ಗೇಜನ್ನು ಕಾನೂನಾಗಿ ಜಾರಿಗೆ ತಂದಿತು. ನಮ್ಮ ರಿವೈಂಡಿಂಗ್ ಅಂಗಡಿಗಳಲ್ಲಿ ಎಸ್‌ಡಬ್ಲ್ಯುಜಿ ಎನ್ನುವುದು ಅದನ್ನೇ. ಅಮೆರಿಕದವರು ತಮ್ಮದೇ ಇಟ್ಟುಕೊಂಡರು. ಬ್ರಿಟಿಷ್ 22 ಗೇಜಿನ ತಂತಿ 0.71 ಮಿಲಿಮೀಟರ್, ಅಮೆರಿಕದ 22 ಗೇಜಿನದು 0.64. ಅಂಕಿ ಒಂದೇ, ತಾಮ್ರ ಬೇರೆ.

ತಂತಿ ಗೇಜು ನೋಡುವ ಬಿಲ್ಲೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬೇಕು. ದುಂಡನೆಯ ಉಕ್ಕಿನ ಬಿಲ್ಲೆ, ಅಂಚಿನ ಸುತ್ತ ಸೀಳುಗಳು, ಪ್ರತಿ ಸೀಳಿನ ಒಳತುದಿಗೆ ಒಂದು ದುಂಡು ತೂತು. ಹೊಸಬರು ತಂತಿಯನ್ನು ತೂತಿಗೆ ತೂರಿಸಿ ನೋಡುತ್ತಾರೆ. ಅಳತೆ ಇರುವುದು ಸೀಳಿನಲ್ಲಿ. ತಂತಿ ಸೀಳಿನ ಮೂಲಕ ಬಿಗಿಯಾಗಿ, ಆದರೆ ಒತ್ತಾಯವಿಲ್ಲದೆ ಜಾರಬೇಕು. ದಾಟಿದ ಮೇಲೆ ಸಲೀಸಾಗಿ ಹೊರಬರಲಿ ಎಂದು ತೂತು. ಅನುಭವಸ್ಥರು ಮೊದಲು ತಂತಿಯ ಮೇಲಿನ ವಾರ್ನಿಷ್ ಪದರವನ್ನು ಉಜ್ಜಿ ತೆಗೆದು ಆಮೇಲೆ ಅಳೆಯುತ್ತಾರೆ. ಆ ಪದರ ಸೇರಿಸಿ ಅಳೆದರೆ ತಂತಿ ಇದ್ದದ್ದಕ್ಕಿಂತ ದಪ್ಪ ಎನಿಸುತ್ತದೆ.

ಇಷ್ಟು ಸೂಕ್ಷ್ಮ ಯಾಕೆ ಬೇಕು ಎನ್ನುತ್ತೀರಾ? ಮೋಟಾರಿಗೆ 18ರ ಬದಲು 20 ಗೇಜಿನ ತಂತಿ ಸುತ್ತಿದರೆ ಎರಡೇ ಅಂಕಿಯ ವ್ಯತ್ಯಾಸ. ಆದರೆ ದಪ್ಪ 1.22 ಮಿಲಿಮೀಟರಿನಿಂದ 0.91ಕ್ಕೆ ಇಳಿಯುತ್ತದೆ, ಕರೆಂಟು ಹರಿಯುವ ತಾಮ್ರ ನೂರಕ್ಕೆ ನಲವತ್ತಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಮೋಟಾರು ಬಿಸಿಯಾಗುತ್ತದೆ, ಸುಡುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ಬೆಳೆ ಒಣಗುತ್ತದೆ. ಬಿಲ್ಲೆಯ ಒಂದು ಸೀಳಿಗೂ ರೈತನ ವರ್ಷದ ಗಳಿಕೆಗೂ ಇರುವ ನಂಟು ಇದು.

ಆಸ್ಪತ್ರೆಯ ಸೂಜಿಯದೂ ಇದೇ ತಲೆಕೆಳಗಿನ ಎಣಿಕೆ. ರಕ್ತದಾನಕ್ಕೆ ಸಾಮಾನ್ಯವಾಗಿ 16 ಗೇಜಿನ ದಪ್ಪ ಸೂಜಿ, ಇನ್ಸುಲಿನ್‌ಗೆ 31ರಷ್ಟು ಸಣ್ಣದು. ಡ್ರಿಪ್ ಹಾಕುವ ಕ್ಯಾನುಲಾಗಳಿಗೆ ಬಣ್ಣಗಳೂ ಗೊತ್ತಾಗಿವೆ: 18ಕ್ಕೆ ಹಸಿರು, 20ಕ್ಕೆ ಗುಲಾಬಿ, 22ಕ್ಕೆ ನೀಲಿ, ಮಕ್ಕಳಿಗೆ ಬಳಸುವ 24ಕ್ಕೆ ಹಳದಿ. ಅಪಘಾತದ ರೋಗಿ ಬಂದಾಗ ನರ್ಸ್ ಅಂಕಿ ಓದುತ್ತಾ ನಿಲ್ಲಬೇಕಿಲ್ಲ. ಕೋವಿಗೂ ಗೇಜು ಉಂಟು. ಕೊಡಗಿನ ಮನೆಗಳಲ್ಲಿ ಪೂಜೆಗೆ ಇಡುವ ಕೋವಿಗಳಲ್ಲಿ ಹನ್ನೆರಡು ಬೋರಿನದು ಇರುತ್ತದಲ್ಲ, ಅಮೆರಿಕದವರು ಅದನ್ನು ಹನ್ನೆರಡು ಗೇಜು ಎನ್ನುತ್ತಾರೆ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದು ಗುಂಡಿನ ಅಗಲವೇ ಆ ನಳಿಗೆಯ ಒಳ ಅಗಲ.

ರೈಲಿನ ಗೇಜು ಎಂದರೆ ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ. ಇಂಗ್ಲೆಂಡಿನಲ್ಲಿ ರೈಲ್ವೆ ಇಂಜಿನಿಯರುಗಳಲ್ಲಿ ಸ್ಟೀಫನ್ಸನ್ 4 ಅಡಿ 8½ ಇಂಚು ಹಿಡಿದರೆ, ಬ್ರೂನೆಲ್ 7 ಅಡಿಗೆ ಹಟ ಹಿಡಿದ. ಎರಡೂ ಗ್ಲಾಸ್ಟರ್ ಊರಿನಲ್ಲಿ ಎದುರಾದಾಗ ಜನ, ದನ, ಸಾಮಾನು ಎಲ್ಲವನ್ನೂ ಗಾಡಿಯಿಂದ ಗಾಡಿಗೆ ಸಾಗಿಸಬೇಕಾಯಿತು. 1846ರಲ್ಲಿ ಪಾರ್ಲಿಮೆಂಟೇ ನಡುವೆ ಬಂದು ಕಾಯ್ದೆ ಮಾಡಿತು. ಅಷ್ಟು ಪಾಠ ಕಣ್ಣೆದುರಿಗಿದ್ದರೂ ಭಾರತದಲ್ಲಿ ಅದೇ ತಪ್ಪು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಮೊದಲು ಐದೂವರೆ ಅಡಿಯ, ಅಂದರೆ 1676 ಮಿಲಿಮೀಟರಿನ ಬ್ರಾಡ್‌ಗೇಜು. ವೈಸರಾಯ್ ಲಾರ್ಡ್ ಮೇಯೊ ಕಾಲದಲ್ಲಿ, 1870ರ ಸುಮಾರಿಗೆ, ಖರ್ಚು ಉಳಿಸಲೆಂದು ಕಿರಿದಾದ ಹಳಿ. ದೇಶಕ್ಕೆ ಮೆಟ್ರಿಕ್ ಪದ್ಧತಿ ಬರಲಿದೆ ಎಂಬ ನಿರೀಕ್ಷೆಯಲ್ಲಿ ಅದರ ಅಗಲವನ್ನು ಸರಿಯಾಗಿ ಒಂದು ಮೀಟರ್ ಮಾಡಿದರು. ಪದ್ಧತಿ ಆಗ ಬರಲಿಲ್ಲ. 1956ರ ಕಾಯ್ದೆಯವರೆಗೆ ಕಾಯಬೇಕಾಯಿತು. ಸೇರು, ಮಣ, ಗಜಗಳ ನಾಡಿನಲ್ಲಿ ಮೀಟರು ಮೊದಲು ಬಂದಿಳಿದದ್ದು ರೈಲು ಹಳಿಯಾಗಿ.

ಬೆಂಗಳೂರು ಇದರ ಭಾರ ಹೊತ್ತ ಊರು. ಜೋಲಾರಪೇಟೆಯಿಂದ 1864ರಲ್ಲೇ ಬ್ರಾಡ್‌ಗೇಜು ಬಂದಿತ್ತು. ಮೈಸೂರಿನ ಕಡೆಗೆ ಹಾಕಿದ್ದು ಮೀಟರ್‌ಗೇಜು. ಮದ್ರಾಸಿನಿಂದ ಮೈಸೂರಿಗೆ ಹೋಗುವವರು ದಶಕಗಳ ಕಾಲ ಇಲ್ಲಿ ಇಳಿದು ಗಾಡಿ ಬದಲಿಸಿದರು. 1992ರಲ್ಲಿ ರೈಲ್ವೆ ಏಕಗೇಜು ಯೋಜನೆ ಹಿಡಿದ ಮೇಲೆ ಒಂದೊಂದೇ ಮಾರ್ಗ ಬದಲಾಯಿತು. ಹಾಸನ–ಮಂಗಳೂರು ಘಾಟಿ ಮಾರ್ಗ ಇದಕ್ಕಾಗಿ 1996ರಲ್ಲಿ ಮುಚ್ಚಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಮೊದಲೇ ಒಂದು ಅಳತೆಗೆ ಒಪ್ಪದಿದ್ದುದರ ಬೆಲೆಯನ್ನು ಮುಂದಿನ ತಲೆಮಾರುಗಳು ತೆತ್ತವು.

ಕೊನೆಯದಾಗಿ ಮಳೆಯ ಗೇಜು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಉಗ್ರಾಣದಲ್ಲಿ ಮಳೆ ಅಳೆಯಲು ಒಂದು ಮೊಳ ಬಾಯಗಲದ ಪಾತ್ರೆ ಇಡಬೇಕೆಂಬ ವಿಧಿ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಇಂದಿಗೂ ಹೂಮಳೆಯನ್ನು ಇಂಚು, ಸೆಂಟುಗಳಲ್ಲಿ ಪುಸ್ತಕದಲ್ಲಿ ಬರೆದಿಡುತ್ತಾರೆ; ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಈಗ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ಕಳಿಸುವ ಮಾಪಕಗಳಿವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಮೆಣಸು ಬೆಳೆದವರಿಗೆ ಪರಿಹಾರ ಸಿಗುವುದು ಆ ಮಾಪಕದ ಅಂಕಿಯ ಮೇಲೆ. ಮರದ ಕೆಳಗೋ ಗೋಡೆಯ ಮಗ್ಗುಲಿಗೋ ಇಟ್ಟ, ಎಲೆ ಕಸ ತುಂಬಿದ ಮಾಪಕ ಹೇಳುವ ಮಳೆ ನಿಜವಾದ ಮಳೆಯಲ್ಲ. ಆದರೂ ಕಡತಕ್ಕೆ ಸೇರುವುದು ಅದೇ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಎರಡು. ತಂತಿ, ತಗಡು ಕೊಳ್ಳುವಾಗ, ಮೋಟಾರು ಸುತ್ತಿಸುವಾಗ ಗೇಜಿನ ಅಂಕಿಗೆ ನಿಲ್ಲಬೇಡಿ. ಎಷ್ಟು ಮಿಲಿಮೀಟರ್ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿ. ಈ ದೇಶದ ಕಾನೂನು ಮಾನ್ಯ ಮಾಡಿರುವುದು ಮೆಟ್ರಿಕ್ ಅಳತೆಯನ್ನು. ನಿಮ್ಮ ಪಂಚಾಯಿತಿಯ ಮಳೆಮಾಪಕ ಎಲ್ಲಿದೆ, ಹೇಗಿದೆ ಎಂದು ಮುಂಗಾರು ಹಿಡಿಯುವ ಮುಂಚೆ ಒಮ್ಮೆ ಹೋಗಿ ನೋಡಿ. ಕೆಟ್ಟಿದ್ದರೆ ಬರವಣಿಗೆಯಲ್ಲಿ ದೂರು ಕೊಡಿ.