ನರ್ಸ್ ತರಬೇತಿ: ಯಾವ ಮೆಟ್ಟಿಲಿನಿಂದ ಹತ್ತಬೇಕು?

(ಅಗಳಿಯಲ್ಲಿ ಸೇರಿದ್ದ ಬೆಳೆಗಾರ ಸದಸ್ಯರ ಸಭೆಯಲ್ಲಿ ನಮ್ಮ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಬಿತ್ತನೆ ಕಬ್ಬು, ಗೊಬ್ಬರ, ಕೂಳೆ ಬೆಳೆ ಇವುಗಳ ವಿಚಾರ ಹೇಳುವುದು ನನ್ನ ಕೆಲಸ. ಆದರೆ ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ನಾನು ತೋಟಕ್ಕೆ ಬಂದಾಗ ತಾವು ಕೇಳುವ ಪ್ರಶ್ನೆಯೇ ಬೇರೆ. "ಸಾರ್, ಮಗಳನ್ನು ನರ್ಸಿಂಗಿಗೆ ಸೇರಿಸಬೇಕು. ಎ.ಎನ್.ಎಂ. ಒಳ್ಳೆಯದೋ, ಬಿ.ಎಸ್ಸಿ.ಯೋ?" ಕಬ್ಬಿನ ಬಿಲ್ಲಿನ ಹಣವೇ ಈ ಫೀಜಿಗೆ ಹೋಗುವುದರಿಂದ ಇದನ್ನು ಈ ಸಭೆಯಲ್ಲೇ ಮಾತನಾಡುವುದು ಸರಿ ಎನಿಸಿತು.

ಮೊದಲು ಮೆಟ್ಟಿಲುಗಳನ್ನು ಎಣಿಸೋಣ.

ಒಂದನೆಯದು ಎ.ಎನ್.ಎಂ. ಇದು 2 ವರ್ಷದ ತರಬೇತಿ, ಹೆಣ್ಣುಮಕ್ಕಳಿಗೆ ಮಾತ್ರ. ಹಿಂದೆ ಹತ್ತನೇ ತರಗತಿ ಪಾಸಾದವರನ್ನು ತೆಗೆದುಕೊಂಡು 18 ತಿಂಗಳು ಕಲಿಸುತ್ತಿದ್ದರು. ಈಗ ಇಂಟರ್ ಅಥವಾ ಪಿ.ಯು.ಸಿ. ಆಗಿರಬೇಕು, ಕಲಾ ವಿಭಾಗವಾದರೂ ನಡೆಯುತ್ತದೆ. ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಆರೋಗ್ಯ ಉಪಕೇಂದ್ರವೆಂಬುದು ಸರ್ಕಾರದ ಲೆಕ್ಕ. ಅಲ್ಲಿ ಬಸುರಿ ಬಾಣಂತಿಯರನ್ನು ನೋಡುವವರು, ಮಕ್ಕಳಿಗೆ ಲಸಿಕೆ ಹಾಕುವವರು ಇವರೇ.

ಎರಡನೆಯದು ಜಿ.ಎನ್.ಎಂ. ಇದು 3 ವರ್ಷದ ಡಿಪ್ಲೊಮಾ. ವಿಜ್ಞಾನ ಓದಿದ್ದರೆ ಮೇಲು. ಬೇರೆ ವಿಭಾಗದವರೂ 12ನೇ ತರಗತಿಯಲ್ಲಿ ಇಂಗ್ಲಿಷ್ ಸಹಿತ ಶೇಕಡಾ 40 ಅಂಕ ಪಡೆದಿದ್ದರೆ ಸೇರಬಹುದು. ಗಂಡುಮಕ್ಕಳಿಗೂ ಅವಕಾಶವಿದೆ. ಆಸ್ಪತ್ರೆಯ ವಾರ್ಡಿನ ಸ್ಟಾಫ್ ನರ್ಸ್ ಕೆಲಸಕ್ಕೆ ಇದು ಸಾಕು.

ಮೂರನೆಯದು ಬಿ.ಎಸ್ಸಿ. ನರ್ಸಿಂಗ್. 4 ವರ್ಷದ ಪದವಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಸಾಮಾನ್ಯ ವರ್ಗದವರು ಶೇಕಡಾ 45 ಅಂಕ ಪಡೆದಿರಬೇಕು. ನಮ್ಮ ದೇಶದಲ್ಲಿ ಈ ಪದವಿ 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಆರಂಭವಾಯಿತು. ಮುಂದೆ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಬೇಕೆಂದಿದ್ದರೆ, ಹೊರದೇಶದ ಆಸ್ಪತ್ರೆಗೆ ಹೋಗುವ ಆಸೆಯಿದ್ದರೆ, ಇದೇ ನೇರ ದಾರಿ.

ಈಗ ಒಂದು ಲೆಕ್ಕ. ಜಿ.ಎನ್.ಎಂ. ಮುಗಿಸಿ ನೋಂದಣಿಯಾದವರು 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ನಾಟಿ ಬೆಳೆ ಕಟಾವಾದ ಮೇಲೆ ಅದೇ ಬುಡದಿಂದ ಕೂಳೆ ಬಂದ ಹಾಗೆ. ಒಟ್ಟು 5 ವರ್ಷ, ಅಂದರೆ ನೇರ ಪದವಿಗಿಂತ ಒಂದು ವರ್ಷ ಹೆಚ್ಚು. ಆದರೆ ನಡುವೆ ನಿಂತು ದುಡಿದು, ಮನೆಗೂ ನೆರವಾಗಿ ಆಮೇಲೆ ಓದಬಹುದು. ಎ.ಎನ್.ಎಂ. ಆದವರು ಜಿ.ಎನ್.ಎಂ.ಗೆ ಸೇರಬಹುದಾದರೂ ಪೂರಾ 3 ವರ್ಷ ಓದಬೇಕು. ಅಲ್ಲಿಂದ ಪದವಿಯವರೆಗೆ 7 ವರ್ಷವಾಗುತ್ತದೆ. ಆದ್ದರಿಂದ ಎ.ಎನ್.ಎಂ. ಅನ್ನು ಪದವಿಯ ದಾರಿಯೆಂದು ಆರಿಸಬೇಡಿ. ಊರಿನ ಸುತ್ತ ಜನರ ನಡುವೆ ಕೆಲಸ ಮಾಡುವ ಮನಸ್ಸಿದ್ದರೆ ಆರಿಸಿ. ಆ ಕೆಲಸ ಕೀಳೇನೂ ಅಲ್ಲ. ನಮ್ಮ ಭಾಗದಲ್ಲಿ ಕನ್ನಡದಲ್ಲಿ ಮಾತನಾಡಿಸಿ ತೆಲುಗಿನಲ್ಲಿ ದಾಖಲೆ ಬರೆಯಬಲ್ಲ ಹುಡುಗಿಯ ಬೆಲೆ ಬಾಣಂತಿಯ ಮನೆಯವರಿಗೆ ಗೊತ್ತು.

ಕಳೆದ ಹಂಗಾಮಿನಲ್ಲಿ ಸದಸ್ಯರೊಬ್ಬರು ಬಿ.ಎಸ್ಸಿ. ಸೀಟಿಗೆಂದು ಮುಂಗಡ ಕಟ್ಟಲು ಹೊರಟಿದ್ದರು. ಸೀಟು ಕೊಡಿಸುತ್ತೇನೆಂದವನು ಮೂಲ ಅಂಕಪಟ್ಟಿಯನ್ನೂ ಕೇಳಿದ್ದ. ಹುಡುಗಿ ಓದಿದ್ದು ಕಲಾ ವಿಭಾಗ. ಆ ಪದವಿಗೆ ಆಕೆ ಅರ್ಹಳೇ ಅಲ್ಲ! ಹಣ ಕಟ್ಟಿದ್ದರೆ ಬಿಲ್ಲಿನ ಹಣವೂ ಹೋಗುತ್ತಿತ್ತು, ಮಗುವಿನ ವರ್ಷಗಳೂ ಹೋಗುತ್ತಿದ್ದವು. ಈಗ ಆಕೆ ಜಿ.ಎನ್.ಎಂ. ಓದುತ್ತಿದ್ದಾಳೆ.

ಚಿಕ್ಕ ಮೆಟ್ಟಿಲಿನಿಂದ ಹತ್ತಿದರೆ ತಡವಾದೀತು, ಅಷ್ಟೇ. ಮಾನ್ಯತೆ ಇಲ್ಲದ ಮೆಟ್ಟಿಲು ಎಲ್ಲಿಗೂ ಮುಟ್ಟಿಸುವುದಿಲ್ಲ. ಆರು ತಿಂಗಳ "ನರ್ಸಿಂಗ್ ಅಸಿಸ್ಟೆಂಟ್", "ಹೋಮ್ ನರ್ಸ್" ಸರ್ಟಿಫಿಕೇಟುಗಳಿಂದ ಸಹಾಯಕರ ಕೆಲಸ ಸಿಗಬಹುದು. ಆದರೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನರ್ಸ್ ಎಂದು ನೋಂದಣಿ ಆಗದು. ನೋಂದಣಿ ಇಲ್ಲದವರು ನರ್ಸ್ ಅಲ್ಲ.

ಹಣ ಕಟ್ಟುವ ಮುನ್ನ ಈ ಕೆಲವನ್ನು ವಿಚಾರಿಸಿ.

1. ಆ ಶಾಲೆಗೆ, ಆ ತರಬೇತಿಗೆ, ಈ ವರ್ಷಕ್ಕೆ ರಾಜ್ಯ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇದೆಯೇ? ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿದೆಯೇ? ಪದವಿಯಾದರೆ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ಕರ್ನಾಟಕದಲ್ಲಿ ಅದು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 2023ರಲ್ಲಿ ಹೊಸ ನರ್ಸಿಂಗ್ ಕಾಯಿದೆಯೂ ಬಂದಿದೆ. ಹಳೆಯ ವಿದ್ಯಾರ್ಥಿಗಳ ಮಾತನ್ನು ನಂಬಿ ಕೂರದೆ ಆಯಾ ವರ್ಷದ ಪ್ರಕಟಣೆಯನ್ನೇ ಓದಿಸಿ.

2. ಕಲಿಯುವವರು ಅಭ್ಯಾಸ ಮಾಡುವ ಆಸ್ಪತ್ರೆ ಯಾವುದು? ಅಲ್ಲಿ ರೋಗಿಗಳಿದ್ದಾರೆಯೇ? ಒಮ್ಮೆ ಹೋಗಿ ಕಣ್ಣಾರೆ ನೋಡಿ. ಬಿತ್ತನೆ ಕಬ್ಬನ್ನು ನೋಡದೆ ತಾವು ಕೊಳ್ಳುವುದಿಲ್ಲವಲ್ಲ!

3. ನಮ್ಮದು ಗಡಿ ಊರು. 2022ರಲ್ಲಿ ನಾವು ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು, ರಾಜ್ಯ ಆಂಧ್ರವೇ. ಮಕ್ಕಳನ್ನು ಶಿರಾದಲ್ಲೋ ತುಮಕೂರಿನಲ್ಲೋ ಓದಿಸುವವರು ಬಹಳ. ಆಂಧ್ರದಲ್ಲಿ "ಸ್ಥಳೀಯ ಅಭ್ಯರ್ಥಿ" ಎನಿಸಿಕೊಳ್ಳಲು 1974ರ ರಾಷ್ಟ್ರಪತಿಗಳ ಆದೇಶದಂತೆ ಹಿಂದಿನ ವರ್ಷಗಳಲ್ಲಿ ಎಲ್ಲಿ ಓದಿದ್ದು ಎಂದು ನೋಡುತ್ತಾರೆ. ಕರ್ನಾಟಕದ ಸರ್ಕಾರಿ ಸೀಟಿಗೂ ಅಲ್ಲಿ ಓದಿದ ವರ್ಷಗಳನ್ನು ಕೇಳುತ್ತಾರೆ. ಎರಡೂ ಕಡೆ ತಪ್ಪಿಹೋಗದಂತೆ ಹತ್ತನೇ ತರಗತಿಗೆ ಮೊದಲೇ ಯೋಚಿಸಬೇಕು. ಅಲ್ಲಿ ಕಲಿತು ಇಲ್ಲಿ ಕೆಲಸ ಮಾಡುವುದಾದರೆ ಇಲ್ಲಿಯ ಕೌನ್ಸಿಲಿನಲ್ಲೂ ನೋಂದಣಿ ಮಾಡಿಸಬೇಕು.

4. ಕೈಸಾಲಕ್ಕೆ ಮೊದಲು ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. ಸಾಮಾನ್ಯವಾಗಿ ಅದರ ಕಂತು ಓದು ಮುಗಿದ ಮೇಲೆ ಶುರುವಾಗುತ್ತದೆ. ಶುಲ್ಕ ಮರುಪಾವತಿ ಹೊರರಾಜ್ಯದ ಕಾಲೇಜಿಗೂ ಸಿಗುವುದೇ ಎಂದು ಮೊದಲೇ ತಿಳಿದುಕೊಳ್ಳಿ.

ಕೊನೆಯದಾಗಿ, ಮಗಳನ್ನೂ ಕೇಳಿ. ರಾತ್ರಿ ಪಾಳಿ, ರಕ್ತ, ರೋಗಿಯ ನೋವು ಇವನ್ನೆಲ್ಲ ನಿಭಾಯಿಸಬೇಕಾದವಳು ಆಕೆ, ನಾವಲ್ಲ. ಆಕೆಯ ಅಂಕಪಟ್ಟಿ, ಆಕೆಯ ಮನಸ್ಸು, ಮನೆಯ ಶಕ್ತಿ ಈ ಮೂರನ್ನೂ ಮುಂದಿಟ್ಟುಕೊಂಡು ತೀರ್ಮಾನ ಮಾಡಿ. ಕಾಗದಪತ್ರ ಓದಿಸಿಕೊಳ್ಳಬೇಕೆಂದರೆ ನಮ್ಮ ಕಬ್ಬು ವಿಭಾಗದ ಕಚೇರಿಗೆ ಬನ್ನಿ, ಕೂತು ಓದೋಣ.