ಅಪ್ಪನ ಟಿಲ್ಲರ್



ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು ಮೇಷ್ಟ್ರು. ಕ್ಷಮಿಸಿ, ನಾನು ನಮ್ಮ ಮನೆಯ ಹಳೇ ಪವರ್ ಟಿಲ್ಲರ್ ಬಗ್ಗೆ ಹೇಳುತ್ತೇನೆ.

ನಾನು ಈ ಶಾಲೆಗೆ ಸೇರಿದ ವರ್ಷ ಅಪ್ಪ ಅದನ್ನು ಕೊಂಡರು. ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಬೆಂಗಳೂರಿನಲ್ಲೇ ತಯಾರಾದ ಗಾಡಿ. ಗದ್ದೆ ಉತ್ತು, ಟ್ರೈಲರ್ ಎಳೆದು, ನನ್ನ ಬಿ.ಇ. ಫೀಸನ್ನೂ ಅದೇ ಕಟ್ಟಿತು. ಉಳುಮೆ ಮುಗಿದ ದಿನ ಅಪ್ಪನಿಗೆ ಇನ್ನೊಂದು ಕೆಲಸ ಶುರು. ಬ್ಲೇಡುಗಳ ಕೆಸರು ತೊಳೆದು ಹಳೇ ಆಯಿಲ್ ಸವರುತ್ತಿದ್ದರು. ಎಂಜಿನ್ ಬಿಸಿಯಿರುವಾಗಲೇ ಆಯಿಲ್ ಬಸಿದು ಹೊಸದು ಹಾಕುತ್ತಿದ್ದರು. ಟ್ಯಾಂಕ್ ಖಾಲಿ ಬಿಟ್ಟರೆ ಗಾಳಿಯ ತೇವ ನೀರಾಗಿ ಇಳಿಯುತ್ತದೆಂದು ಡೀಸೆಲ್ ತುಂಬಿಸಿಡುತ್ತಿದ್ದರು. ಬೆಲ್ಟ್ ಸಡಿಲಿಸಿ, ಕೊನೆಗೆ ಹ್ಯಾಂಡಲ್ ತಿರುಗಿಸಿ ಬಿಗಿ ಸಿಕ್ಕ ಕಡೆ ನಿಲ್ಲಿಸುತ್ತಿದ್ದರು. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಸಿಲಿಂಡರಿಗೆ ತೇವ ಹೋಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಾನು ಒಂದು ಟಾರ್ಪಾಲು ಹೊದಿಸಿ ಬೆಂಗಳೂರಿಗೆ ಹೋದೆ. ಎರಡು ಮಳೆಗಾಲ ಕಳೆದು ನೋಡಿದರೆ ಎಂಜಿನ್ ಜಾಮ್. ಗುಜರಿಯವರು ತೂಕದ ಲೆಕ್ಕ ಹೇಳಿದರು. ಅಮ್ಮ ಏನೂ ಮಾತಾಡದೆ ಒಳಗೆ ಹೋದರು.

ಮಾರಲು ಮನಸ್ಸಾಗಲಿಲ್ಲ. ಪೇಟೆಯ ಮೆಕ್ಯಾನಿಕ್ ಜೊತೆ ಕೂತು ಹೆಡ್ ಬಿಚ್ಚಿ, ಡೀಸೆಲ್ ಸುರಿದು ನೆನೆಸಿ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ಪಿಸ್ಟನ್ ಬಿಡಿಸಿದೆವು. ಲೈನರ್, ರಿಂಗ್ ಬದಲಾಯಿಸಿದೆವು. “ಓಡಿ ಕೆಟ್ಟಿದ್ದಲ್ಲ ಸಾರ್ ಇದು, ನಿಂತು ಕೆಟ್ಟಿದ್ದು” ಎಂದರು ಅವರು.

ಈಗ ಅದರಲ್ಲಿ ಚಿಕ್ಕಪ್ಪ ಉಳುತ್ತಾರೆ. ಉಳುಮೆ ಮುಗಿದ ವಾರ ನಾನು ರಜೆ ಹಾಕಿ ಬರುತ್ತೇನೆ, ಅಪ್ಪ ಮಾಡುತ್ತಿದ್ದುದನ್ನೆಲ್ಲ ಮಾಡಿ ಹೋಗುತ್ತೇನೆ.

ಮಕ್ಕಳೇ, ನಿಮ್ಮ ಲ್ಯಾಬಿನ ಸಾಮಾನುಗಳನ್ನೂ ಬೇಸಿಗೆ ರಜೆಗೆ ಮುಂಚೆ ಒರೆಸಿ ಇಡಿ.